ಹತ್ತಿರವಿರುವುದು ಬೇರೆ, ನೆರೆಯಾಗುವುದು ಬೇರೆ

ಮಂಗಳೂರಿನ ಬಗ್ಗೆ ಬರೆಯುವವರಿಗೆ ತುಂಬ ಪ್ರಿಯವಾದ ಒಂದು ಚಿತ್ರವಿದೆ. ದೇವಸ್ಥಾನದ ಜಾಗಟೆ, ಮಸೀದಿಯ ಬಾಂಗ್, ಇಗರ್ಜಿಯ ಗಂಟೆ ಮೂರೂ ಒಂದೇ ಗಾಳಿಯಲ್ಲಿ ಬೆರೆಯುವ ಊರು ಎಂಬ ಚಿತ್ರ. ಸ್ಮರಣ ಸಂಚಿಕೆಗಳಲ್ಲಿ, ಸೌಹಾರ್ದ ಸಮಾವೇಶದ ಭಾಷಣಗಳಲ್ಲಿ, ಕಥೆ ಕವಿತೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಚಿತ್ರ ಸುಳ್ಳಲ್ಲ. ಕೊಟ್ಟಾರ ಚೌಕಿಯಿಂದ ಉರ್ವಸ್ಟೋರ್, ಚಿಲಿಂಬಿ, ಲೇಡಿಹಿಲ್ ದಾಟಿ, ಮಣ್ಣಗುಡ್ಡೆಯ ಮೂಲಕ ಬಂದರಿಗೆ ಹೋಗುವ ದಾರಿಯ ಆಚೀಚೆ ಉರ್ವದ ಮಾರಿಗುಡಿ ಇದೆ, ಇಗರ್ಜಿ ಇದೆ, ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವಿದೆ, ಕೊನೆಗೆ ಝೀನತ್ ಬಕ್ಷ್ ಜುಮಾ ಮಸೀದಿ ಇದೆ. ಆದರೆ ಇವೆಲ್ಲ ಹತ್ತಿರ ಹತ್ತಿರ ಇವೆ ಎಂಬುದಷ್ಟೇ ಆ ಚಿತ್ರದಿಂದ ತಿಳಿಯುತ್ತದೆ. ಇವುಗಳ ನಡುವೆ ಏನು ನಡೆಯುತ್ತದೆ, ಯಾರಿಗೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಸೌಹಾರ್ದ ಸಾಹಿತ್ಯದ ಕೊರತೆ ಇರುವುದೇ ಇಲ್ಲಿ.

ಈ ಸಾಹಿತ್ಯ ಹೆಚ್ಚಾಗಿ ಐತಿಹ್ಯಗಳನ್ನು ನಂಬಿಕೊಂಡಿದೆ. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎನ್ನುತ್ತದೆ ಐತಿಹ್ಯ. ಕ್ಷೇತ್ರದ ಹೆಸರಿನಲ್ಲೇ ಅವನಿದ್ದಾನೆ. ಮೊಗವೀರರು ಭಕ್ತಿಯಿಂದ ನಂಬುವ ದೈವ ಬೊಬ್ಬರ್ಯ ಒಬ್ಬ ಮುಸ್ಲಿಂ ವ್ಯಾಪಾರಿಯ ಮಗ ಎಂದು ಪಾಡ್ದನಗಳು ಹೇಳುತ್ತವೆ. ಕಡಲಿಗಿಳಿಯುವ ಬೆಸ್ತರು ಬ್ಯಾರಿಯ ಮಗನಿಗೆ ಕೈಮುಗಿದು ಹೊರಡುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಇವನ್ನು ಕಥೆಗಾರರು ಎತ್ತಿಕೊಂಡದ್ದು ಸಹಜವೇ.

ಆದರೆ 2022ರ ಮಾರ್ಚಿನಲ್ಲಿ ಏನಾಯಿತು? ಹಿಜಾಬ್ ತೀರ್ಪನ್ನು ವಿರೋಧಿಸಿ ಮುಸ್ಲಿಮರು ಅಂಗಡಿ ಮುಚ್ಚಿದರೆಂಬ ಕಾರಣ ಮುಂದಿಟ್ಟು, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳು ಕರಾವಳಿಯಲ್ಲಿ ಎದ್ದವು. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಆದದ್ದೇ ಬಪ್ಪನಾಡಿನ ಜಾತ್ರೆಯಲ್ಲೂ ಆಯಿತು. ದೇವಸ್ಥಾನದ ಪಕ್ಕದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ 2002ರ ಮುಜರಾಯಿ ನಿಯಮವನ್ನು ಸರಕಾರ ಶಾಸನಸಭೆಯಲ್ಲಿ ಉಲ್ಲೇಖಿಸಿತು. ಬಪ್ಪ ಬ್ಯಾರಿಯ ಕಥೆ ಆಗ ಎಲ್ಲರಿಗೂ ನೆನಪಿತ್ತು. ಬ್ಯಾನರ್ ಕಟ್ಟುವ ಕೈಯನ್ನು ಮಾತ್ರ ಅದು ತಡೆಯಲಿಲ್ಲ.

ಯಾಕೆ ತಡೆಯಲಿಲ್ಲ ಎಂಬುದನ್ನು ನಾವು ಯೋಚಿಸಬೇಕು. ಐತಿಹ್ಯ ಒಬ್ಬ ಪುಣ್ಯವಂತನ ಔದಾರ್ಯವನ್ನು ಕೊಂಡಾಡುತ್ತದೆ. ಬಳೆ, ಆಟಿಕೆ, ಕಲ್ಲಂಗಡಿ ಹರವಿಕೊಂಡು ಕೂರುವ ಇಂದಿನ ಬಡ ವ್ಯಾಪಾರಿಗೆ ಅದು ಯಾವ ಹಕ್ಕನ್ನೂ ಕೊಡುವುದಿಲ್ಲ. ನಿಜವಾದ ಸಂಬಂಧವಿದ್ದದ್ದು ಆ ಸಂತೆಯಲ್ಲಿ. ಅಲ್ಲಿ ಚೌಕಾಸಿ ಇತ್ತು, ಸಾಲವಿತ್ತು, ಮುಂದಿನ ವರ್ಷ ಕೊಡುತ್ತೇನೆಂಬ ಮಾತಿತ್ತು. ಬಪ್ಪ ಬ್ಯಾರಿಯನ್ನು ಬರೆದಷ್ಟು ನಮ್ಮ ಸಾಹಿತ್ಯ ಈ ಸಂತೆಯನ್ನು ಬರೆದಿಲ್ಲ.

ಎರಡನೆಯದು, ಒಂದಕ್ಕೊಂದು ಹೊಂದದ ನೆನಪುಗಳ ಪ್ರಶ್ನೆ. ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಟಿಪ್ಪು ಸುಲ್ತಾನ ನವೀಕರಿಸಿ ಮಗಳ ಹೆಸರಿಟ್ಟನೆಂಬ ಪ್ರತೀತಿಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಂದ ದೂರವೇನೂ ಅಲ್ಲದ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಸ್ಥಾಪನೆಯಾದದ್ದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಕೆಡವಲಾದ ಇಗರ್ಜಿಗಳಲ್ಲಿ ಅದೂ ಒಂದು. ಒಂದೇ ಹೆಸರು ಒಂದು ಮೊಹಲ್ಲಾದಲ್ಲಿ ಅಭಿಮಾನ, ಇನ್ನೊಂದು ವಾಡೆಯಲ್ಲಿ ನೋವು. ಇದೇ ಮಿಲಾಗ್ರಿಸ್ ಬಳಿಯ ಆಡೋರೇಶನ್ ಮಠದ ಮೇಲೆ 2008ರ ಸೆಪ್ಟೆಂಬರ್ 14ರಂದು ದಾಳಿಯಾಯಿತು. ದಾಳಿ ಮಾಡಿದ ಕೈಗಳು ಬೇರೆ, ನೊಂದವರು ಅದೇ ನೆರೆಯವರು. 1784ನ್ನು ಮಾತ್ರ ನೆನೆದು 2008ನ್ನು ಮರೆಯುವವರನ್ನು ನಾವು ಟೀಕಿಸುತ್ತೇವೆ, ಸರಿಯೇ. 2008ನ್ನು ಖಂಡಿಸುವಷ್ಟೇ ನೇರವಾಗಿ 1784ನ್ನು ಬರೆಯುವ ಮುಸ್ಲಿಂ ಕಥೆಗಾರನೂ ಬೇಕಲ್ಲವೇ? ನೆರೆಮನೆಯವರ ದುಃಖಕ್ಕೆ ಕಿವಿಗೊಡದೆ ನಮ್ಮ ದುಃಖಕ್ಕೆ ಅವರ ಕಿವಿಯನ್ನು ಕೇಳುವುದು ಹೇಗೆ?

ಮೂರನೆಯದು ಮುಚ್ಚಿದ ಬಾಗಿಲಿನ ವಿಷಯ. ಕುದ್ರೋಳಿಯ ಗೋಕರ್ಣನಾಥನನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದರು. ಇಂದು ದಸರಾದ ದೀಪಾಲಂಕಾರ ನೋಡಲು ಎಲ್ಲ ಮತದವರೂ ಅಲ್ಲಿಗೆ ಹೋಗುತ್ತಾರೆ. ಆದರೆ ಆ ಕ್ಷೇತ್ರ ಹುಟ್ಟಿದ್ದು ಇತರ ದೇವಸ್ಥಾನಗಳ ಒಳಗೆ ಬಿಲ್ಲವರಿಗೆ ಪ್ರವೇಶವಿಲ್ಲದಿದ್ದ ಕಾರಣಕ್ಕೆ. ಬರೇ ದೀಪವನ್ನು ಬರೆದು ಕಾರಣವನ್ನು ಬಿಟ್ಟರೆ ಅದು ಸೌಹಾರ್ದವೂ ಅಲ್ಲ, ಇತಿಹಾಸವೂ ಅಲ್ಲ. ಅಲ್ಲಿ 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದು ಆ ಕಾರಣವನ್ನು ಮರೆಯದ್ದರ ಗುರುತು.

ಈ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ತಂದೆಯ ಹಟಕ್ಕೆ ಸಿಕ್ಕಿ ತಲಾಖ್ ಪಡೆದವಳು. ಗಂಡನನ್ನು ಮತ್ತೆ ಸೇರಲು ಇನ್ನೊಬ್ಬನೊಂದಿಗೆ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆಯನ್ನು ತಾಳಲಾರದೆ ಅವಳು ಪ್ರಾಣ ಬಿಡುವುದು ಮಸೀದಿಯ ಕೊಳದಲ್ಲಿ. ಆ ಜಾಗವನ್ನು ಲೇಖಕಿ ಸುಮ್ಮನೆ ಆರಿಸಿಲ್ಲ. ಬದುಕಿದ್ದಾಗ ಬಾಗಿಲು ತೆರೆಯದ ಮಸೀದಿಯ ಅಂಗಳಕ್ಕೆ ಹೆಣ್ಣು ಹೆಣವಾಗಿ ಬರುತ್ತಾಳೆ. ಕಾದಂಬರಿ ಬಂದಾಗ ಸಮುದಾಯದ ಒಳಗೆ ಸಿಟ್ಟಾದವರು ಬಹಳ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವರು ಕಡಿಮೆ. ಇಂದು ಕರಾವಳಿಯ ಕೆಲವು ಮಸೀದಿಗಳಲ್ಲಿ ಹೆಂಗಸರ ನಮಾಝಿಗೆ ಜಾಗವಿದೆ, ಹಲವು ಕಡೆ ಇಲ್ಲ. ಅನ್ಯರ ಬಾಗಿಲನ್ನು ಪ್ರಶ್ನಿಸುವ ಬರಹಕ್ಕೆ ಸ್ವಂತ ಬಾಗಿಲನ್ನು ಪ್ರಶ್ನಿಸಿದಾಗಲೇ ಬೆಲೆ ಬರುತ್ತದೆ.

ಕೊನೆಯದಾಗಿ, ಕಣ್ಣೆದುರಿಗಿದ್ದೂ ನಮ್ಮ ಬರಹಗಾರರು ಕಾಣದ ಒಂದು ಸಾಕ್ಷಿ. ಕರಾವಳಿಯ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ. ಇಳಿಜಾರು ಮಾಡು, ಮರದ ಕಂಬ, ಕೆತ್ತನೆಯ ತೊಲೆ, ಹೀಗೆ ದೇವಸ್ಥಾನಕ್ಕೂ ಗುತ್ತಿನ ಮನೆಗೂ ಇದ್ದ ಮರಗೆಲಸವೇ ಅಲ್ಲೂ ಇತ್ತು. ಬಂದರಿನ ಮಸೀದಿಯ ಒಳಗಿನ ಕಂಬಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಪಾದ್ರಿಗಳು ಸುಡಿಸಿದ ಹಂಚು ಗುಡಿ, ಮಸೀದಿ, ಇಗರ್ಜಿ ಎಲ್ಲದರ ಮೇಲೂ ಕೂತಿತು. 2022ರ ಏಪ್ರಿಲ್‌ನಲ್ಲಿ ಗಂಜಿಮಠದ ಬಳಿಯ ಮಳಲಿಯಲ್ಲಿ ಮಸೀದಿಯ ನವೀಕರಣದ ವೇಳೆ ಕಾಣಿಸಿದ ಹಳೆಯ ರಚನೆ ದೇವಸ್ಥಾನದಂತಿದೆ ಎಂದು ವಿವಾದವೆದ್ದಿತು, ತಾಂಬೂಲ ಪ್ರಶ್ನೆ ನಡೆಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಅದರ ತೀರ್ಮಾನ ನ್ಯಾಯಾಲಯದ್ದು. ನಾವು ಹೇಳುವುದಿಷ್ಟೇ: ಹೋಲಿಕೆ ಎಂದರೆ ಕಳವು ಎಂದು ತಿಳಿಯುವ ಕಾಲಕ್ಕೆ, ಹೋಲಿಕೆ ಎಂದರೆ ಒಂದೇ ಊರಿನ ಕಸುಬು ಎಂದು ತೋರಿಸಿಕೊಡುವ ಬರಹ ಬೇಕಾಗಿತ್ತು. ಅದು ನಮ್ಮಲ್ಲಿ ತೀರಾ ಕಡಿಮೆ. ಹಳೆಯ ಮಾಡುಗಳನ್ನು ಇಳಿಸಿ ಸಿಮೆಂಟಿನ ಗುಮ್ಮಟ ಏರಿಸುವಾಗ ಆ ಸಾಕ್ಷಿಯನ್ನು ನಾವೇ ಅಳಿಸುತ್ತಿದ್ದೇವೆ ಎಂಬ ಎಚ್ಚರವೂ ಜಮಾಅತ್‌ಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಹಾಗಾದರೆ ಬರೆಯಬೇಕಾದದ್ದೇನು? ಬೋಳುವಾರು ಮಹಮದ್ ಕುಂಞಿ ಅವರು ಮುತ್ತುಪ್ಪಾಡಿಯನ್ನು ಕಟ್ಟಿ ಹಳ್ಳಿಯ ಮುಸ್ಲಿಮರನ್ನು ಸಾಧುಗಳೂ ಅಲ್ಲದ ಖಳರೂ ಅಲ್ಲದ ಮನುಷ್ಯರನ್ನಾಗಿ ಕನ್ನಡಕ್ಕೆ ಕೊಟ್ಟರು. ನಗರದ ಮುತ್ತುಪ್ಪಾಡಿ ಇನ್ನೂ ಬರಬೇಕಾಗಿದೆ. ಕೊಟ್ಟಾರದಂಥ ಜಾಗಕ್ಕೆ ಹೇಳಿಕೊಳ್ಳುವ ಬಪ್ಪ ಬ್ಯಾರಿ ಇಲ್ಲ. ಅಲ್ಲಿರುವುದು ಹೆದ್ದಾರಿ, ಸಾಫ್ಟ್‌ವೇರ್ ಕಚೇರಿ, ಫ್ಲಾಟುಗಳು, ಬಾಡಿಗೆ ಮನೆಗಳು. ಹೆಸರು ಕೇಳಿದ ಮೇಲೆ "ಮನೆ ಆಗಲೇ ಕೊಟ್ಟಾಯಿತು" ಎನ್ನುವ ಬಾಗಿಲುಗಳೂ, ಹೆಸರು ಕೇಳದೆಯೇ ಬೀಗದ ಕೈ ಕೊಡುವ ಬಾಗಿಲುಗಳೂ ಇಂಥ ಕಡೆಗಳಲ್ಲೇ ಇರುವುದು. ಆರಾಧನಾಲಯಗಳ ಸಹಬಾಳ್ವೆ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ಈ ಬಾಗಿಲುಗಳ ಬಳಿ.

ಉರ್ದುವಿನಲ್ಲಿ ನೆರೆಯವನಿಗೆ ಹಮ್‌ಸಾಯಾ ಎನ್ನುತ್ತಾರೆ, ಒಂದೇ ನೆರಳಿನಲ್ಲಿ ಇರುವವನು ಎಂದು ಅರ್ಥ. ಕನ್ನಡದ ನೆರೆ ಎಂಬ ಮಾತಿಗೆ ಪಕ್ಕದ ಮನೆ ಎಂಬ ಅರ್ಥವೂ ಇದೆ, ಪ್ರವಾಹ ಎಂಬ ಅರ್ಥವೂ ಇದೆ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ರಾಜಕಾಲುವೆ ಉಕ್ಕಿ ನೀರು ನಿಲ್ಲುವುದು ಹೊಸ ಸುದ್ದಿಯಲ್ಲ, ಆ ನೀರು ಅಂಗಡಿಯ ಬೋರ್ಡಿನ ಮೇಲಿನ ಹೆಸರು ಓದಿ ಒಳಗೆ ಬರುವುದೂ ಇಲ್ಲ. ಆ ಹೊತ್ತಿನಲ್ಲಿ ಯಾರು ಯಾರ ಸಾಮಾನನ್ನು ಎತ್ತಿ ಮೇಲಿಟ್ಟರು, ಯಾರು ಸುಮ್ಮನೆ ನೋಡುತ್ತ ನಿಂತರು ಎಂಬುದನ್ನು ಪ್ರಾಮಾಣಿಕವಾಗಿ ಬರೆದ ಒಂದು ಕಥೆ ಬಂದರೆ ಸಾಕು, ಮೂರು ಗಂಟೆಗಳ ನೂರು ಕವಿತೆಗಳಿಗಿಂತ ಅದು ಈ ನಗರಕ್ಕೆ ಹೆಚ್ಚು ಉಪಕಾರ ಮಾಡೀತು.