ಊರಿನ ಕಣ್ಣು ತಪ್ಪಿದ ಪ್ರೀತಿ

ವಿನೀತ್ ಶ್ರೀನಿವಾಸನ್ ಅವರ ಮಲಯಾಳಂ ಚಿತ್ರ ‘ಹೃದಯಂ’ 2022ರ ಜನವರಿಯಲ್ಲಿ, ಕೋವಿಡ್ ಮೂರನೇ ಅಲೆಯ ನಡುವೆಯೇ ತೆರೆಗೆ ಬಂದು ಗೆದ್ದಿತು. ಮೊದಲರ್ಧ ದರ್ಶನಾ, ಎರಡನೆಯರ್ಧ ನಿತ್ಯಾ ಎಂದು ಲೆಕ್ಕ ಹಾಕಿ, ಜನ ಅದನ್ನು ಎರಡು ಪ್ರೇಮಗಳ ಕಥೆಯೆಂದೇ ನೆನಪಿಟ್ಟುಕೊಂಡಿದ್ದಾರೆ. ಹೇಶಮ್ ಅಬ್ದುಲ್ ವಹಾಬ್ ಸಂಗೀತದ 15 ಹಾಡುಗಳೂ ಈ ನೆನಪಿಗೆ ನೀರೆರೆದಿವೆ. ನನಗನ್ನಿಸುವುದೇ ಬೇರೆ. ಈ ಚಿತ್ರದ ಜೀವ ಇರುವುದು ಇಬ್ಬರು ನಾಯಕಿಯರಲ್ಲಲ್ಲ, ಮನೆಗೂ ಚೆನ್ನೈಗೂ ನಡುವಿನ ದೂರದಲ್ಲಿ. ಆ ದೂರ ಇರುವಷ್ಟು ಹೊತ್ತು ಸಿನಿಮಾ ನಿಜ ನುಡಿಯುತ್ತದೆ. ನಾಯಕ ಮತ್ತೆ ಮನೆಮಂದಿಯ ನಡುವೆ ಬಂದು ಕೂತ ಮೇಲೆ ಅದರ ನಾಲಿಗೆಗೆ ಮರ್ಯಾದೆ ಅಂಟಿಕೊಳ್ಳುತ್ತದೆ.

2006ರಲ್ಲಿ ನಾಯಕ ಅರುಣ್ ನೀಲಕಂಠನ್ ಇಂಜಿನಿಯರಿಂಗ್ ಓದಲು ಚೆನ್ನೈಗೆ ಬರುವುದು ಕಥೆಗಾರನ ಚಪಲವೇನಲ್ಲ. ತಮಿಳುನಾಡು, ಕರ್ನಾಟಕಗಳಲ್ಲಿ 1980ರ ದಶಕದಲ್ಲೇ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಸಾಲುಗಟ್ಟಿದವು. ಕೇರಳದಲ್ಲಿ ಆ ಬಾಗಿಲು ಅಗಲವಾಗಿ ತೆರೆದದ್ದು 2001ರ ನಂತರ. ಹಾಗಾಗಿ ಮಲಯಾಳಿ ಮಧ್ಯಮವರ್ಗದ ಒಂದಿಡೀ ಪೀಳಿಗೆಯ ಯೌವನ ಚೆನ್ನೈ, ಕೊಯಮತ್ತೂರು, ಬೆಂಗಳೂರು, ಮಂಗಳೂರುಗಳ ಹಾಸ್ಟೆಲ್‌ಗಳಲ್ಲಿ ಕಳೆಯಿತು. ವಿನೀತ್ ಸ್ವತಃ ಚೆನ್ನೈನಲ್ಲೇ ಇಂಜಿನಿಯರಿಂಗ್ ಓದಿದವರು. ಮೊದಲರ್ಧದ ಹಾಸ್ಟೆಲ್ ಕೋಣೆ, ಸೀನಿಯರ್‌ಗಳ ಕಾಟ, ಕುಡಿತ, ಅರಿಯರ್ಸ್ (ಫೇಲಾಗಿ ಬಾಕಿ ಉಳಿದ ವಿಷಯಗಳು), ಇವೆಲ್ಲ ಕಂಡು ಬರೆದಂತಿರುವುದು ಅದಕ್ಕೇ. ಇಲ್ಲಿ ಅಪ್ಪ-ಅಮ್ಮ ಫೋನಿನಾಚೆಯ ದನಿಯಷ್ಟೇ. ನೆರೆಯವರಿಲ್ಲ, ಸೋದರಮಾವನಿಲ್ಲ, ಊರಿಗೆ ಸುದ್ದಿ ಮುಟ್ಟಿಸುವವರೂ ಇಲ್ಲ. ಊರಿನ ಕಣ್ಣು ತಪ್ಪಿದ ಹುಡುಗ ಏನಾಗುತ್ತಾನೆ? ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಆತ ಒಳಗೊಳಗೇ ಒಳ್ಳೆಯವನೆಂದು ಮೊದಲೇ ಷರಾ ಬರೆದುಬಿಡುತ್ತವೆ. ‘ಹೃದಯಂ’ ಹಾಗೆ ಮಾಡುವುದಿಲ್ಲ. ಅರುಣ್ ಇನ್ನೊಬ್ಬಳತ್ತ ವಾಲಿ ದರ್ಶನಾಳನ್ನು ಕಳೆದುಕೊಳ್ಳುತ್ತಾನೆ. ದರ್ಶನಾಳ ಮೇಲಿನ ಹಟಕ್ಕೆ ಮಾಯಾ ಎಂಬ ಮತ್ತೊಬ್ಬ ಹುಡುಗಿಯನ್ನು ಪ್ರೀತಿಸುವಂತೆ ನಟಿಸಿ ಅವಳನ್ನೂ ನೋಯಿಸುತ್ತಾನೆ. ಪ್ರಣವ್ ಮೋಹನ್‌ಲಾಲ್ ಅವರ ಸ್ವಲ್ಪ ಹಿಂಜರಿಯುವ, ಪೂರಾ ಪಳಗದ ನಟನೆ ಇಲ್ಲಿ ದೋಷವಾಗದೆ ಉಪಕಾರವೇ ಆಗಿದೆ: ತಾನೇನು ಮಾಡುತ್ತಿದ್ದೇನೆಂದು ತನಗೇ ಗೊತ್ತಿಲ್ಲದವನ ಮುಖ ಅದು.

ಈ ಹುಡುಗನನ್ನು ತಿರುಗಿಸುವವಳು ಪ್ರೇಯಸಿಯಲ್ಲ ಎಂಬುದು ನನ್ನ ವಾದದ ಗಟ್ಟಿ ಸಾಕ್ಷ್ಯ. ತಿರುಗಿಸುವವನು ಸೆಲ್ವ. ಫೇಲಾದ ಹುಡುಗರನ್ನು ಕೂರಿಸಿಕೊಂಡು ಓದಿಸುವ, ಹಣವಾಗಲಿ ಅಬ್ಬರವಾಗಲಿ ಇಲ್ಲದ ತಮಿಳು ವಿದ್ಯಾರ್ಥಿ. ಅರುಣ್ ತನ್ನ ಭಾಷೆಯ, ತನ್ನ ಅಂತಸ್ತಿನ ಗುಂಪಿನಿಂದ ಹೊರಬಂದು ಇವನ ಬಳಿ ಕೂತಾಗಲೇ ಅವನ ಪಾಲಿಗೆ ಚೆನ್ನೈ ನಿಜವಾಗಿ ತೆರೆದುಕೊಳ್ಳುವುದು. ಇದಕ್ಕೊಂದು ಆಕ್ಷೇಪವಿದೆ, ಹಗುರದ್ದಲ್ಲ: ಮಲಯಾಳಿ ಹುಡುಗನ ಉದ್ಧಾರಕ್ಕೆಂದೇ ಹುಟ್ಟಿ, ಕೆಲಸ ಮುಗಿದೊಡನೆ ಸಾಯುವ ತಮಿಳನಲ್ಲವೇ ಸೆಲ್ವ? ಅವನ ಸಾವು ಕಥೆಗೆ ಅನುಕೂಲವಾಗಿ ಒದಗಿಬಂದದ್ದು ಹೌದು. ಆದರೆ ನಮ್ಮ ‘ಕಿರಿಕ್ ಪಾರ್ಟಿ’ಯನ್ನು (2016) ಪಕ್ಕಕ್ಕಿಟ್ಟು ನೋಡಿ. ಅದೂ ಇಂಜಿನಿಯರಿಂಗ್ ಹಾಸ್ಟೆಲ್‌ನ ಕಥೆ, ಅಲ್ಲೂ ಒಂದು ಸಾವು ನಾಯಕನನ್ನು ಬದಲಿಸುತ್ತದೆ. ಆದರೆ ಆ ನಾಯಕ ಕರ್ಣ ಗಂಭೀರನಾಗಲು ಅವನು ಪ್ರೀತಿಸಿದ ಸಾನ್ವಿಯೇ ಸಾಯಬೇಕಾಯಿತು. ‘ಹೃದಯಂ’ನ ದರ್ಶನಾ ಬದುಕುತ್ತಾಳೆ, ಸಿಟ್ಟನ್ನೂ ಉಳಿಸಿಕೊಳ್ಳುತ್ತಾಳೆ, ಅರುಣನಿಲ್ಲದೆ ಮುಂದೆ ಸಾಗುತ್ತಾಳೆ. ಆ ಪಾತ್ರದ ನಟಿ ದರ್ಶನಾ ರಾಜೇಂದ್ರನ್ ಆ ಸಿಟ್ಟಿಗೆ ಕಣ್ಣೀರಿನ ಲೇಪ ಹಚ್ಚದಿರುವುದು ಚಿತ್ರದ ದೊಡ್ಡ ಸುಖ. ಪ್ರೀತಿ ಮುರಿಯುವುದಕ್ಕೂ ಹುಡುಗ ಬಲಿಯುವುದಕ್ಕೂ ಬೇರೆಬೇರೆ ಕಾರಣ ಕೊಟ್ಟಿರುವುದರಿಂದ ಅವಳು ಯಾರದೋ ಪಾಠದ ಸಾಮಗ್ರಿಯಾಗದೆ ಉಳಿದಳು.

ಎರಡನೆಯರ್ಧದಲ್ಲಿ ಮನೆಯಿಂದಿದ್ದ ಆ ದೂರ ಇಲ್ಲವಾಗುತ್ತದೆ. ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ ಅರುಣ್ ಮದುವೆಮನೆಗಳಲ್ಲಿ ಫೋಟೋ ತೆಗೆಯುತ್ತಾನೆ, ನಿತ್ಯಾ ಸಿಗುತ್ತಾಳೆ, ಮದುವೆ, ಮಗು. ನಿತ್ಯಾಳಾಗಿ ಕಲ್ಯಾಣಿ ಪ್ರಿಯದರ್ಶನ್ ಲವಲವಿಕೆಯಿಂದಲೇ ಇದ್ದಾರೆ, ಹಾಡುಗಳು ಇನ್ನೂ ಇಂಪು. ಆದರೂ ದೃಶ್ಯಗಳು ಒಂದರ ಹಿಂದೊಂದು ಶುಭಾಶಯ ಪತ್ರಗಳಂತೆ ಬರತೊಡಗುತ್ತವೆ. ಇದು ಬರಿಯ ಪ್ರೇಮಕಥೆಯಲ್ಲ, ಒಬ್ಬ ಹುಡುಗ ಬೆಳೆದ ಕಥೆ. ಬೆಳೆದವನು ಸಂಸಾರಸ್ಥನಾದರೆ ತಪ್ಪೇನು ಎಂದು ಕೇಳಬಹುದು. ತಪ್ಪು ಸಂಸಾರದ್ದಲ್ಲ. ಮೊದಲರ್ಧದಲ್ಲಿ ಪ್ರತಿ ತಪ್ಪಿಗೂ ಯಾರಾದರೂ ಬೆಲೆ ತೆತ್ತಿದ್ದಾರೆ. ಇಲ್ಲಿ ಯಾರೂ ಏನನ್ನೂ ತೆರುವುದಿಲ್ಲ. ದರ್ಶನಾ ಮತ್ತೆ ಎದುರಾದಾಗ ನಿತ್ಯಾಳ ಮನಸ್ಸಿನಲ್ಲಿ ಏಳುವ ಇರುಸುಮುರುಸು ನಿಜಕ್ಕೂ ಒಳ್ಳೆಯ ವಸ್ತು, ಆದರೆ ಚಿತ್ರ ಅದನ್ನು ಬೇಗ ಸವರಿ ಮುಂದೆ ಹೋಗುತ್ತದೆ. ಎಲ್ಲರೂ ಎಲ್ಲರನ್ನೂ ಕ್ಷಮಿಸುವ ತುರ್ತಿನಲ್ಲಿದ್ದಾರೆ, ಮಾಯಾಳ ಲೆಕ್ಕ ಮಾತ್ರ ಬಾಕಿಯೇ.

ಮೂರು ತಾಸಿನ ಹತ್ತಿರದ ಚಿತ್ರಕ್ಕೆ ನೆಲೆ ನಿಂತ ಬದುಕಿನ ಮುಕ್ತಾಯ ಅನಿವಾರ್ಯವಿತ್ತು ಎನ್ನುವವರಿಗೆ ಗಿರೀಶ್ ಎ.ಡಿ. ಅವರ ‘ಪ್ರೇಮಲು’ (2024) ಉತ್ತರವಾದೀತು. ಅದು ಇಷ್ಟು ಮಹತ್ವಾಕಾಂಕ್ಷೆಯ ಕೃತಿಯಲ್ಲ, ಬರಿಯ ತುಂಟ ಕಾಮಿಡಿ. ಬ್ರಿಟನ್ ವೀಸಾ ಸಿಗದ ಸಚಿನ್ ಗೇಟ್ ಕೋಚಿಂಗ್ ನೆಪದಲ್ಲಿ ಹೈದರಾಬಾದಿಗೆ ಬಂದು, ಐಟಿ ಕಂಪನಿಯ ರೀನುವಿಗೆ ಮನಸೋಲುತ್ತಾನೆ. ಆದರೆ ಗಿರೀಶ್ ಕೊನೆಯಲ್ಲೂ ಈ ಜೋಡಿಯನ್ನು ಕೇರಳದ ಜಗಲಿಗೆ ಕರೆತಂದು ಆಶೀರ್ವಾದ ಕೊಡಿಸುವುದಿಲ್ಲ. ರೀನು ಬಾಯಿ ಬಿಡುವ ಹೊತ್ತಿಗೆ ಸಚಿನ್‌ಗೆ ವೀಸಾ ಸಿಕ್ಕಿದೆ, ಅವನು ಹೊರಟು ನಿಂತಿದ್ದಾನೆ. ಕಥೆ ಮುಗಿದರೂ ಮನೆಯಿಂದ ದೂರ ಇನ್ನಷ್ಟು ಹೆಚ್ಚಿದೆ; ಆ ಪ್ರೀತಿ ಬಾಳುತ್ತದೋ ಇಲ್ಲವೋ ಎಂಬ ಕುತೂಹಲವೂ ಜೊತೆಗೇ ಉಳಿದಿದೆ. ‘ಹೃದಯಂ’ ತನ್ನ ನಾಯಕನಿಗೆ ಕೊಡಲು ಹೆದರಿದ್ದು ಈ ಅನಿಶ್ಚಿತತೆಯನ್ನೇ.