ಗುಲಾಬಿ ರಿಬ್ಬನ್ನು ಮತ್ತು ಹೇಳಲಾಗದ ಮಾತು



ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿಯೂ ಈಗ ಗುಲಾಬಿ ಬಣ್ಣ ಕಾಣಿಸಿಕೊಳ್ಳುತ್ತದೆ. ಮುಂಜಾನೆಯ ನಡಿಗೆ, ಒಂದೇ ಬಣ್ಣದ ಅಂಗಿಗಳು, ವಿದ್ಯಾರ್ಥಿಗಳ ಕೈಯಲ್ಲಿ ಫಲಕಗಳು, ವೇದಿಕೆಯ ಮೇಲೆ ಗಣ್ಯರ ಭಾಷಣ, ಕೊನೆಗೆ ಉಪಾಹಾರ. ಸ್ತನ ಕ್ಯಾನ್ಸರಿನ ಬಗ್ಗೆ ಅರಿವು ಮೂಡಿಸುವುದು, ಬಡ ರೋಗಿಗಳಿಗೆ ನಿಧಿ ಕೂಡಿಸುವುದು ಇವುಗಳ ಉದ್ದೇಶ. ಉದ್ದೇಶ ಒಳ್ಳೆಯದೇ. ಬೆಳಗಿನ ಸುಖನಿದ್ರೆಯನ್ನು ಬಿಟ್ಟು ಪರರ ನೋವಿಗಾಗಿ ನಾಲ್ಕು ಹೆಜ್ಜೆ ನಡೆದವರನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಒಂದು ಗ್ರಂಥವನ್ನು ವಿಮರ್ಶಿಸುವ ನಾವು ಒಂದು ಸತ್ಕಾರ್ಯವನ್ನು ಮಾತ್ರ ವಿಮರ್ಶೆಯಿಂದ ಹೊರಗಿಡಬೇಕೆ? ಕಾರ್ಯಕ್ರಮಕ್ಕೆ ಎಷ್ಟು ಜನ ಸೇರಿದರು ಎಂಬುದು ಅದರ ಅಳತೆಗೋಲಲ್ಲ. ಎದೆಯಲ್ಲಿ ಗಂಟೊಂದನ್ನು ಕಂಡುಕೊಂಡ ಹೆಣ್ಣುಮಗಳು ಅದರಿಂದಾಗಿ ಬೇಗನೆ ವೈದ್ಯರ ಬಳಿಗೆ ಬಂದಳೇ, ಬಂದವಳು ಚಿಕಿತ್ಸೆಯನ್ನು ಪೂರ್ಣಗೊಳಿಸಿದಳೇ ಎಂಬ ಎರಡು ಪ್ರಶ್ನೆಗಳೇ ಅದರ ನಿಜವಾದ ಅಳತೆ.

ಈ ಪ್ರಶ್ನೆಗಳ ತೂಕ ತಿಳಿಯಬೇಕಾದರೆ ಕೆಲವು ಅಂಕಿಗಳನ್ನು ನೋಡಬೇಕು. ಭಾರತದ ಹೆಣ್ಣುಮಕ್ಕಳಲ್ಲಿ ಇಂದು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಇದೇ. ಅಂತಾರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಇದು ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. 2010ರಿಂದ 2014ರ ಅವಧಿಯಲ್ಲಿ ರೋಗ ಪತ್ತೆಯಾದವರಲ್ಲಿ ಐದು ವರ್ಷಗಳ ನಂತರವೂ ಬದುಕುಳಿದವರ ಪ್ರಮಾಣ ಅಮೆರಿಕದಲ್ಲಿ ಶೇಕಡಾ 90ರಷ್ಟಿದ್ದರೆ ಭಾರತದಲ್ಲಿ ಶೇಕಡಾ 66ರಷ್ಟಿತ್ತು. ಈ ಅಂತರಕ್ಕೆ ರೋಗದ ಸ್ವಭಾವ ಮಾತ್ರ ಕಾರಣವಲ್ಲ. ನಮ್ಮಲ್ಲಿ ಅನೇಕರು ತಡವಾಗಿ ಬರುತ್ತಾರೆ; ಬಂದವರಲ್ಲಿ ಕೆಲವರು ನಡುವೆಯೇ ನಿಂತುಬಿಡುತ್ತಾರೆ. ಅರಿವಿನ ಕಾರ್ಯಕ್ರಮವೂ ನಿಧಿಯೂ ಮುಟ್ಟಬೇಕಾದದ್ದು ಈ ಎರಡು ಸ್ಥಳಗಳನ್ನೇ.

ಮೊದಲು ಆ ರಿಬ್ಬನ್ನಿನ ಕಥೆಯನ್ನೇ ಕೇಳಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ಷಾರ್ಲಟ್ ಹೇಲಿ ಎಂಬ ಮಹಿಳೆ ತಮ್ಮ ಮನೆಯಲ್ಲಿಯೇ ಪೀಚ್ ಹಣ್ಣಿನ ಬಣ್ಣದ ರಿಬ್ಬನ್ನುಗಳನ್ನು ಮಾಡಿ ಹಂಚುತ್ತಿದ್ದರು. ಪ್ರತಿ ರಿಬ್ಬನ್ನಿನ ಜೊತೆಗೆ ಒಂದು ಚೀಟಿ ಇರುತ್ತಿತ್ತು. ದೇಶದ ಕ್ಯಾನ್ಸರ್ ಸಂಸ್ಥೆಯ ಆಯವ್ಯಯದಲ್ಲಿ ಶೇಕಡಾ 5ರಷ್ಟು ಮಾತ್ರ ರೋಗ ತಡೆಗಟ್ಟುವುದಕ್ಕೆ ವೆಚ್ಚವಾಗುತ್ತಿದೆ, ಶಾಸಕರನ್ನು ಎಚ್ಚರಿಸಿರಿ ಎಂಬುದು ಅದರ ಅಭಿಪ್ರಾಯ. 1992ರಲ್ಲಿ ಒಂದು ಮಹಿಳಾ ಪತ್ರಿಕೆಯವರು ಅವರ ರಿಬ್ಬನ್ನನ್ನು ಬಳಸಿಕೊಳ್ಳಲು ಕೇಳಿದಾಗ, ಇದು ವ್ಯಾಪಾರದ ಪಾಲಾಗುತ್ತದೆ ಎಂದು ಹೇಲಿ ಒಪ್ಪಲಿಲ್ಲ. ಪತ್ರಿಕೆಯವರು ಬಣ್ಣವನ್ನು ಬದಲಿಸಿದರು. ಗುಲಾಬಿ ರಿಬ್ಬನ್ನು ಹುಟ್ಟಿತು. ಬಣ್ಣದೊಂದಿಗೆ ಚೀಟಿಯೂ ಹೋಯಿತು. ಪ್ರಶ್ನೆ ಕೇಳುತ್ತಿದ್ದ ಗುರುತು ಅಂದವಾದ ಗುರುತಾಯಿತು.

ಮುಂದೆ ಆ ಬಣ್ಣ ಎಲ್ಲಿಯವರೆಗೆ ಹೋಯಿತೆಂದರೆ, 2010ರಲ್ಲಿ ಅಮೆರಿಕದಲ್ಲಿ ಕರಿದ ಕೋಳಿಯನ್ನೂ ಗುಲಾಬಿ ಬಕೆಟ್ಟುಗಳಲ್ಲಿ ತುಂಬಿ ಸ್ತನ ಕ್ಯಾನ್ಸರ್ ನಿಧಿಯ ಹೆಸರಿನಲ್ಲಿ ಮಾರಲಾಯಿತು. ಅದಕ್ಕೂ ಮುಂಚೆ, 2002ರಲ್ಲಿಯೇ, ಆ ದೇಶದ ರೋಗಿಗಳ ಸಂಘಟನೆಯೊಂದು ‘ಗುಲಾಬಿ ವಸ್ತುವನ್ನು ಕೊಳ್ಳುವ ಮುನ್ನ ಯೋಚಿಸಿ’ ಎಂಬರ್ಥದ ಚಳವಳಿಯನ್ನು ಆರಂಭಿಸಿತ್ತು. ನಾವು ಕೊಟ್ಟ ಹಣದಲ್ಲಿ ಎಷ್ಟು ಪಾಲು ಯಾರಿಗೆ ಸೇರುತ್ತದೆ ಎಂಬುದು ಅವರ ನೇರ ಪ್ರಶ್ನೆಯಾಗಿತ್ತು. ನಾವು ಆ ರಿಬ್ಬನ್ನನ್ನು ಆಮದು ಮಾಡಿಕೊಂಡೆವು, ಪ್ರಶ್ನೆಯನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದೆವು.

ಎರಡನೆಯದು, ನಮ್ಮ ಭಾಷೆಯ ಮಾತು. ನೀವು ಪಡೆದ ಕರಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ಸ್ತನ ಸ್ವಯಂ ಪರೀಕ್ಷಾ ವಿಧಾನ’ ಎಂದಿರುತ್ತದೆ. ಈ ಮಾತನ್ನು ಕುಂದಗೋಳದ ಅಥವಾ ಕಲಘಟಗಿಯ ತಾಯಿಯೊಬ್ಬಳು ತನ್ನ ಮಗಳಿಗೆ ಹೇಳಬಲ್ಲಳೇ? ಅವಳ ಬಾಯಲ್ಲಿ ಬರುವ ಮಾತು ‘ಎದಿಯಾಗ ಒಂದು ಗಂಟ ಆಗೇತಿ’ ಎಂಬುದು. ಅದಕ್ಕೆ ನೆರೆಮನೆಯ ಹಿರಿಯಳಿಂದ ಬರುವ ಉತ್ತರ: ‘ಬ್ಯಾನಿ ಇಲ್ಲಲ್ಲ, ತಾನ ಕರಗತೈತಿ ಬಿಡವಾ.’ ಕರಪತ್ರ ಉತ್ತರಿಸಬೇಕಾದದ್ದು ಈ ಒಂದು ಮಾತಿಗೆ. ನೋವಿಲ್ಲದ ಗಂಟನ್ನೇ ಬೇಗ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಯಾವುದು ಹೌದು ಯಾವುದು ಅಲ್ಲ ಎಂದು ಪರೀಕ್ಷೆಯಿಲ್ಲದೆ ಯಾರೂ ಹೇಳಲಾರರು. ಕಂಕುಳಲ್ಲಿ ಗಂಟು, ಚರ್ಮ ಒಳಕ್ಕೆ ಸೆಳೆದಂತಾಗುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು: ಇಷ್ಟನ್ನು ಮನೆಮಾತಿನಲ್ಲಿ ಹೇಳಿದರೆ ಸಾಕು.

‘ಎದೆ’ ಎಂದರೆ ಹೃದಯವೂ ಆಗುತ್ತದೆ, ಪುಪ್ಪುಸದ ಜಾಗವೂ ಆಗುತ್ತದೆ. ‘ಸ್ತನ’ ಪುಸ್ತಕದ ಮಾತು. ‘ಮೊಲೆ’ ಎಂದರೆ ಅಸಭ್ಯವೆಂದು ಮುಖ ತಿರುಗಿಸುತ್ತೇವೆ. ಆದರೆ ಈ ನಾಚಿಕೆ ನಮ್ಮ ಭಾಷೆಯ ಹುಟ್ಟುಗುಣವಲ್ಲ. ವಚನಕಾರ ಜೇಡರ ದಾಸಿಮಯ್ಯ ಹೆಣ್ಣುಗಂಡಿನ ಭೇದವನ್ನು ಪ್ರಶ್ನಿಸುವಾಗ ಆ ಪದವನ್ನು ಅಳುಕಿಲ್ಲದೆ ಬಳಸಿದ. ಬಾಸೆಲ್ ಮಿಷನ್ನಿನಿಂದ ಬಂದು ನಮ್ಮ ಈ ಸೀಮೆಯಲ್ಲಿಯೂ ಸೇವೆ ಮಾಡಿದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಅದನ್ನು ಬೇರೆಲ್ಲ ಪದಗಳಂತೆಯೇ ಸೇರಿಸಿದರು. ಶರಣನಿಗೂ ಪಾದ್ರಿಗೂ ಇಲ್ಲದ ಸಂಕೋಚ ನಮಗೇಕೆ? ಹೆಸರಿಲ್ಲದ ಅಂಗದ ನೋವನ್ನು ಹೆಣ್ಣುಮಗಳು ಯಾರಿಗೆ ಹೇಗೆ ಹೇಳಬೇಕು? ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟಿದ್ದನ್ನು ನೀವು ಬಲ್ಲಿರಿ. ಅವಳಿಗೆ ಮುಂದೆ ಬಂದು ಹೇಳಿಕೊಳ್ಳುವ ಮಾತು ಇರಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಿಂದಿನಿಂದ ಬರುವವರು ಇದ್ದಾರೆ.

ಭಾಷೆಯ ಇನ್ನೊಂದು ದೋಷ ಯುದ್ಧದ ಮಾತು. ‘ಕ್ಯಾನ್ಸರನ್ನು ಗೆದ್ದವರು’ ಎಂದು ವೇದಿಕೆಗೆ ಕರೆದು ಹಾರ ಹಾಕುತ್ತೇವೆ. ಗುಣವಾದವರನ್ನು ಕಂಡು ಹೊಸ ರೋಗಿಗಳು ಧೈರ್ಯ ತಾಳುವುದು ನಿಜ. ಆದರೆ ತೀರಿಕೊಂಡವಳು ಸೋತವಳೇ? ಅವಳ ಧೈರ್ಯ ಕಡಿಮೆಯಾಗಿತ್ತೇ, ಪ್ರಾರ್ಥನೆ ಕಡಿಮೆಯಾಗಿತ್ತೇ? ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲಿಯೇ ರೋಗಕ್ಕೆ ಇಂತಹ ರೂಪಕಗಳನ್ನು ಹೊದಿಸುವುದು ರೋಗಿಗೆ ಎರಡನೆಯ ಹೊರೆಯಾಗುತ್ತದೆ ಎಂದು ವಾದಿಸಿದ್ದರು. ತಾಯಿಯನ್ನು ಕಳೆದುಕೊಂಡ ಮಕ್ಕಳೂ ಆ ಸಭೆಯಲ್ಲಿ ಕುಳಿತಿರುತ್ತಾರೆ ಎಂಬುದನ್ನು ನಿರೂಪಕರು ಮರೆಯಬಾರದು.

ಮೂರನೆಯದಾಗಿ, ನಾವು ಕಲಿಸುವ ಪಾಠವೇ ಸಾಕಷ್ಟಿದೆಯೇ ಎಂದು ನೋಡೋಣ. ಕನ್ನಡಿಯ ಮುಂದೆ ನಿಂತು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಿ ಎಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ. ಚೀನಾದ ಶಾಂಘೈ ನಗರದಲ್ಲಿ ಜವಳಿ ಕಾರ್ಖಾನೆಗಳ 2,66,064 ಮಹಿಳೆಯರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ನಡೆಯಿತು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಸ್ವಯಂ ಪರೀಕ್ಷೆಯನ್ನು ಕಲಿಸಿದ ಮಾತ್ರಕ್ಕೆ ಸಾವುಗಳು ಕಡಿಮೆಯಾಗಲಿಲ್ಲ. ಹಾಗೆಂದು ತನ್ನ ದೇಹವನ್ನು ತಾನು ಅರಿಯುವುದು ವ್ಯರ್ಥವಲ್ಲ. ಬದಲಾವಣೆ ಕಂಡಾಗ ತಡಮಾಡದಿರಲು ಅದು ಬೇಕು. ಆದರೆ ಅದೊಂದೇ ಸಾಲದು.

ಇದರ ಪಕ್ಕದಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಯನವನ್ನು ಇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ 1,51,538 ಮಹಿಳೆಯರನ್ನು ಒಳಗೊಂಡ ಕಾರ್ಯವನ್ನು ಆರಂಭಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸಿದರು, ಅರಿವನ್ನೂ ಹೇಳಿದರು. ಪರೀಕ್ಷೆಗೆ ಒಳಗಾದವರಲ್ಲಿ ರೋಗ ಮುಂಚಿನ ಹಂತದಲ್ಲಿಯೇ ಪತ್ತೆಯಾಗುವುದು ಹೆಚ್ಚಾಯಿತು. 2021ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಫಲಿತಾಂಶದಲ್ಲಿ, ಒಟ್ಟಾರೆ ಸಾವಿನ ಇಳಿಕೆ ಖಚಿತವೆನ್ನುವಷ್ಟು ಇರದಿದ್ದರೂ, 50 ದಾಟಿದವರಲ್ಲಿ ಸಾವುಗಳು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿದ್ದವು. ಇದನ್ನು ಸಾಧಿಸಿದ್ದು ದುಬಾರಿ ಯಂತ್ರವಲ್ಲ. ಪಳಗಿದ ಹೆಣ್ಣುಕೈ ಮತ್ತು ಮತ್ತೆ ಮತ್ತೆ ಮನೆಬಾಗಿಲಿಗೆ ಬರುವ ತಾಳ್ಮೆ.

30 ವರ್ಷ ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇಂತಹ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇಕಡಾ 0.9 ಮಾತ್ರ! ನೂರರಲ್ಲಿ ಒಬ್ಬಳೂ ಇಲ್ಲ. ಒಂದು ಬೆಳಗಿನ ನಡಿಗೆಗೆ ಐನೂರು ಜನರನ್ನು ಸೇರಿಸಬಲ್ಲ ನಾವು, ಐವತ್ತು ಹೆಣ್ಣುಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಅದು ದೊಡ್ಡ ಮೆರವಣಿಗೆಯಲ್ಲವೇ?

ಇನ್ನು ಹಣದ ವಿಷಯ. ನಮ್ಮ ಅವಳಿ ನಗರದಲ್ಲಿ ಚಿಕಿತ್ಸೆಯ ಸ್ಥಳಗಳಿಗೆ ಕೊರತೆಯಿಲ್ಲ. 1957ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿಯೇ ಉಳಿದಿರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ವಿದ್ಯಾನಗರದಲ್ಲಿದೆ. ನವನಗರದಲ್ಲಿ ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆಯಿದೆ. ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದ ಜನರೂ ಇಲ್ಲಿಗೇ ಬರುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ನಿಗದಿಯಾಯಿತು; ಉಳಿದವರಿಗೆ ನಿಗದಿತ ವೆಚ್ಚದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಹಾಗಿದ್ದರೆ ನಮ್ಮ ನಿಧಿಗೆ ಕೆಲಸವಿಲ್ಲವೇ?

ಇದೆ, ಆದರೆ ನಾವು ಊಹಿಸಿದ ಜಾಗದಲ್ಲಲ್ಲ. ಚಿಕಿತ್ಸೆಯ ದಾರಿಯನ್ನು ಲೆಕ್ಕ ಹಾಕಿ. ಕೀಮೋಥೆರಪಿ ಎಂದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಿಗೊಮ್ಮೆ, ನಾಲ್ಕರಿಂದ ಎಂಟು ಸರದಿ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ. ಹಲವರಿಗೆ ಆಮೇಲೆ ಐದರಿಂದ ಹತ್ತು ವರ್ಷ ದಿನವೂ ಮಾತ್ರೆ. ಸರ್ಕಾರದ ಯೋಜನೆ ಔಷಧಿಗೆ ಹಣ ಕೊಟ್ಟೀತು. ಕೂಲಿ ತಪ್ಪಿದ ದಿನಕ್ಕೆ ಕೊಡುವುದಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಗಳಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ಜೊತೆಗೆ ಬರುವ ಗಂಡನಿಗೆ, ಅಣ್ಣನಿಗೆ ತಪ್ಪಲಿಲ್ಲ. ಔಷಧಿ ಏರಿಸಿಕೊಂಡು ವಾಂತಿ ಬರುವ ಸ್ಥಿತಿಯಲ್ಲಿ ತುಂಬಿದ ಬಸ್ಸಿನಲ್ಲಿ ನಿಂತು ಊರಿಗೆ ಮರಳುವುದಾದರೂ ಹೇಗೆ? ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಮೂರನೆಯ ಸರದಿಗೆ ಬಾರದೆ ನಿಲ್ಲುವವಳು ಬಹಳ ಸಲ ಇಂತಹ ಸಣ್ಣ ಕಾರಣಗಳಿಗಾಗಿಯೇ ನಿಲ್ಲುತ್ತಾಳೆ. ಧರ್ಮಕೇಂದ್ರದ ಸಣ್ಣ ನಿಧಿಗೆ ಸರಿಯಾದ ಅಳತೆಯ ಕೆಲಸ ಇದು.

ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಇಟ್ಟಿರುವ ಗುರಿಯೂ ಇದನ್ನೇ ಹೇಳುತ್ತದೆ: ಶೇಕಡಾ 60ಕ್ಕಿಂತ ಹೆಚ್ಚು ರೋಗಿಗಳು ಮೊದಲೆರಡು ಹಂತಗಳಲ್ಲಿ ಪತ್ತೆಯಾಗಬೇಕು, ವೈದ್ಯರನ್ನು ಕಂಡ 60 ದಿನಗಳೊಳಗೆ ರೋಗನಿರ್ಣಯವಾಗಬೇಕು, ಶೇಕಡಾ 80ರಷ್ಟು ಮಂದಿ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ಈ ಮೂರರಲ್ಲಿ ಎಲ್ಲಿಯೂ ರಿಬ್ಬನ್ನಿನ ಪ್ರಸ್ತಾಪವಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ ನಿಮ್ಮ ಬಳಿ ಈ ನಿಧಿಗಾಗಿ ರಸೀದಿ ಪುಸ್ತಕ ತಂದಾಗ ಕೊಡಿ. ಕೊಟ್ಟು ಪ್ರಶ್ನೆಯನ್ನೂ ಕೇಳಿ. ಅಂಗಿ, ವೇದಿಕೆ, ಶಾಮಿಯಾನಕ್ಕೆ ಎಷ್ಟು ಹೋಯಿತು, ರೋಗಿಗೆ ಎಷ್ಟು ಸೇರಿತು ಎಂಬ ಲೆಕ್ಕ ದೇವಾಲಯದ ಸೂಚನಾ ಫಲಕದಲ್ಲಿ ಬರಲಿ. ಲೆಕ್ಕ ಬಹಿರಂಗವಾಗಲಿ, ಹೆಸರು ಗುಪ್ತವಾಗಿರಲಿ. ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ: ರೋಗಿಯನ್ನು ವೇದಿಕೆಗೆ ಕರೆದು ಚೆಕ್ಕು ಕೊಟ್ಟು ಫೋಟೊ ತೆಗೆಸುತ್ತೇವೆ, ಲೆಕ್ಕವನ್ನು ಕಪಾಟಿನಲ್ಲಿಡುತ್ತೇವೆ. ಮದುವೆಗೆ ಬಂದ ಮಗಳಿರುವ ತಾಯಿ ಆ ವೇದಿಕೆಗೆ ಹೆದರಿ ನೆರವನ್ನೇ ಕೇಳದಿರಬಹುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಾಂ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಮನೆಭೇಟಿಯನ್ನೇ ತನ್ನ ಮುಖ್ಯ ಕೆಲಸವಾಗಿ ಆರಿಸಿಕೊಂಡಿತು. ಸದ್ದಿಲ್ಲದೆ ಮನೆಗೆ ಹೋಗಿ ಅಗತ್ಯವನ್ನು ಕೇಳಿ ತಿಳಿಯುವ ಆ ಪದ್ಧತಿಯನ್ನು ಈ ರೋಗಕ್ಕೂ ಅನ್ವಯಿಸಬಹುದು. ಮಹಿಳಾ ಸಂಘದ ಇಬ್ಬರು ಸದಸ್ಯೆಯರು ಒಬ್ಬ ರೋಗಿಯ ಚಿಕಿತ್ಸೆಯ ದಿನಾಂಕಗಳನ್ನು ಬರೆದಿಟ್ಟುಕೊಂಡು ಪ್ರತಿ ಸರದಿಗೂ ಜೊತೆಗೆ ಹೋಗುವುದಾದರೆ ಅದಕ್ಕಿಂತ ದೊಡ್ಡ ನಿಧಿ ಯಾವುದು?

ದಿನವೊಂದು ಬೇಕೇಬೇಕೆಂದರೆ ಅದು ಅಕ್ಟೋಬರಿನಲ್ಲಿಯೇ ಇರಬೇಕೆಂದಿಲ್ಲ. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಮರುದಿನ, ಫೆಬ್ರವರಿ 5, ಸಂತ ಅಗಾಥಾಳ ಹಬ್ಬ. ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದಲ್ಲಿ ರಕ್ತಸಾಕ್ಷಿಯಾದ ಈ ಕನ್ಯೆಯ ಮೊಲೆಗಳನ್ನು ಹಿಂಸಕರು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಆದಕಾರಣ ಸ್ತನದ ರೋಗಿಗಳು ಶತಮಾನಗಳಿಂದ ಅವಳ ಬೇಡುವಿಕೆಯನ್ನು ಆಶ್ರಯಿಸಿದ್ದಾರೆ. ಧರ್ಮಸಭೆ ಈ ಅಂಗದ ನೋವನ್ನು ತನ್ನ ಪಂಚಾಂಗದಲ್ಲಿಯೇ ಬರೆದಿಟ್ಟುಕೊಂಡಿದೆ. ಆ ದಿನ ಬಲಿಪೂಜೆಯ ನಂತರ ವೈದ್ಯೆಯೊಬ್ಬರು ಅಥವಾ ನರ್ಸ್ ಆಗಿರುವ ನಮ್ಮದೇ ಸಿಸ್ಟರ್ ಒಬ್ಬರು, ಗಂಡಸರು ಹೆಂಗಸರು ಕೂಡಿ ಕುಳಿತಿರುವಾಗಲೇ, ಹದಿನೈದು ನಿಮಿಷ ಮಾತನಾಡಲಿ. ಗಂಡಸರು ಏಕೆಂದರೆ, ಆಸ್ಪತ್ರೆಗೆ ಹೋಗುವ ತೀರ್ಮಾನ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಅವರ ಕೈಯಲ್ಲಿದೆ. ವಿರಳವಾಗಿಯಾದರೂ ಈ ರೋಗ ಅವರಿಗೂ ಬರುತ್ತದೆ.

ಓದುಗರೇ, ಈ ಬರಹವನ್ನು ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಅಕ್ಕನನ್ನೋ ಇಂದು ರಾತ್ರಿ ಊಟವಾದ ಮೇಲೆ ನೇರವಾಗಿ ಕೇಳಿ: ‘ನಿಮಗ ಎದಿಯಾಗ ಎಂದಾದರೂ ಗಂಟ ಕಂಡದ್ದೈತೇನ್ರಿ?’ ಅವರು ನಕ್ಕು ಇಲ್ಲವೆಂದರೆ ಒಳ್ಳೆಯದೇ ಆಯಿತು. ಅವರು ಒಂದು ಕ್ಷಣ ಸುಮ್ಮನಾದರೆ, ನಾಳೆಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.