ಪಕ್ಕದ್ಮನೆ ತರಲೆ

ಜಾನ್ ಬೆಲುಶಿ, ಡ್ಯಾನ್ ಆಕ್ರಾಯ್ಡ್ ಇಬ್ಬರೂ ಇದ್ದ ಮೇಲೆ ನಗೋಕೆ ಇನ್ನೇನು ಬೇಕು? 1981ರ 'ನೇಬರ್ಸ್' ಹಾಕ್ಕೊಂಡು ಕೂತಾಗ ನನ್ನ ಲೆಕ್ಕ ಇಷ್ಟೇ. ಮೇಲಾಗಿ ಪಾತ್ರಗಳು ಅದಲುಬದಲು: ರಂಪಾಟಕ್ಕೇ ಹೆಸರಾದ ಬೆಲುಶಿ ಇಲ್ಲಿ ಮೆತ್ತನೆ ಗೃಹಸ್ಥ, ಆಕ್ರಾಯ್ಡ್ ಪಕ್ಕದ್ಮನೆಗೆ ಬಂದಿಳಿಯೋ ಮಹಾ ತರಲೆ. ಈ ಐಡಿಯಾ ನಂಗೆ ಈಗಲೂ ಇಷ್ಟ. ಎಲ್ಲಾನೂ ನುಂಗಿಕೊಂಡು ಸಹಿಸೋ ಬೆಲುಶಿಯ ಮುಖ ನೋಡಿ, ಒಳ್ಳೇ ಸಿನಿಮಾ ಅಲ್ಲೇ ಇದೆ.

ಆದ್ರೆ ನಿರ್ದೇಶಕ ಜಾನ್ ಅವಿಲ್ಡ್‌ಸನ್ ('ರಾಕಿ' ಮಾಡಿದವರೇ!) ಅದನ್ನ ನಂಬಲೇ ಇಲ್ಲ. ಥಾಮಸ್ ಬರ್ಗರ್ ಕಾದಂಬರಿಯ ಈ ಕಥೆಗೆ ಬೇಕಿದ್ದದ್ದು ತಣ್ಣಗಿನ ದಿಗಿಲು. ಬಿಲ್ ಕಾಂಟಿಯ ಸಂಗೀತವೋ, ಕಾರ್ಟೂನ್ ಥರ ಕುಣಿದು, ನಮಗೆ ನಗು ಬರೋ ಮುಂಚೆಯೇ 'ನಗ್ರೀ' ಅಂತ ತಿವಿಯುತ್ತೆ.

1982ರ ಮಾರ್ಚಲ್ಲಿ ಬೆಲುಶಿ ತೀರಿಕೊಂಡರು, 33ನೇ ವಯಸ್ಸಿಗೆ. ಇದೇ ಕೊನೇ ಸಿನಿಮಾ. ಆ ಮೆತ್ತನೆ ಮನುಷ್ಯನನ್ನ ಇನ್ನೊಬ್ಬ ನಿರ್ದೇಶಕ ಕರೆದು ಮಾತಾಡಿಸೋಕೆ ಆಗ್ಲೇ ಇಲ್ಲ.